ಅಕ್ಕ ನೋಡದ ಗೋಲ್ಕೊಂಡ

ಬೆಳಗ್ಗೆ ಮಗಳು ಮೊಬೈಲಿನಲ್ಲಿ ಹೈದರಾಬಾದಿನ ಲಾಡ್ಜೊಂದರ ಚಿತ್ರ ತೆಗೆದು ನನ್ನ ಮುಂದೆ ಹಿಡಿದಳು. "ಇದು ಹಿಡೀಲೇನಪ್ಪಾ?" ಎಂದಳು. ಅದೇ ಹೊತ್ತಿಗೆ ಒಳಗೆ ಹೆಂಡತಿ ಜೋಳದ ಹಿಟ್ಟಿಗೆ ಕುದಿಯುವ ನೀರು ಸುರಿದಳು. ಆ ವಾಸನೆ ನಿಮಗೂ ಗೊತ್ತಿರಬೇಕು. ಹಸಿದವನಿಗೆ ಅದಕ್ಕಿಂತ ಒಳ್ಳೆಯ ವಾಸನೆ ಇನ್ನೊಂದಿಲ್ಲ. ನನಗೆ ಮಾತ್ರ ಈಚೆಗೆ ಅದು ಮೂಗಿಗೆ ಬಡಿದರೆ ಅಕ್ಕನ ನೆನಪಾಗಿ ತಲೆ ತಗ್ಗುತ್ತದೆ. "ತಡಿ" ಎಂದೆ ಮಗಳಿಗೆ.

ನಾನು ಹುಟ್ಟಿದ್ದು ಈ ಜಹೀರಾಬಾದಿನಲ್ಲಲ್ಲ, ಬೀದರ ಕಡೆಯ ಒಂದು ಹಳ್ಳಿಯಲ್ಲಿ. ಏಳನೇ ತರಗತಿಗೆ ಪುಸ್ತಕ ಮುಚ್ಚಿ, ಪಂಪ್‌ಸೆಟ್ ರಿಪೇರಿ ಕಲಿತು, ಮನೆ ಅಳಿಯನಾಗಿ ಇಲ್ಲಿಗೆ ಬಂದೆ. ಅದಕ್ಕೂ ಮೊದಲೇ ಅಕ್ಕ ನೀಲಮ್ಮನನ್ನು ನಾರಾಯಣಖೇಡಕ್ಕೆ ಕೊಟ್ಟಿದ್ದರು. ಹೀಗೆ ನಾವಿಬ್ಬರೂ ಗಡಿ ದಾಟಿ ತೆಲುಗು ನಾಡು ಸೇರಿದವರು. "ಹೆಣ್ಣಮಕ್ಕಳು ಕೊಟ್ಟ ಮನಿಗೆ ಹೋಗೋದು ನೋಡೀನಿ, ನೀನೂ ಹೊಂಟು ಬಂದೆಲ್ಲೋ ತಮ್ಮಾ" ಎಂದು ಅಕ್ಕ ಆಗ ನಕ್ಕಿದ್ದಳು. ಸೇರಿದ ನಾಡನ್ನು ಒಮ್ಮೆ ಸುತ್ತಿ ನೋಡಬೇಕೆಂಬ ಆಸೆ ಹುಟ್ಟಿದ್ದು ಮೊದಲು ಅವಳಿಗೇ. "ಇಷ್ಟು ವರ್ಷ ಆತು, ಈ ಸೀಮಿದಾಗ ಬಸ್‌ಸ್ಟ್ಯಾಂಡ್ ಬಿಟ್ಟು ಏನೂ ನೋಡಿಲ್ಲ ನೋಡು ನಾ" ಎಂದಿದ್ದಳು.

ಊರು ಸುತ್ತುವುದೆಂದರೆ ನಮ್ಮ ಬಳಗದವರು ನನ್ನನ್ನೇ ಕೇಳುತ್ತಾರೆ. ಯಾವ ಬಸ್ಸು ಎಲ್ಲಿ ಸಿಗುತ್ತದೆ, ಯಾವುದು ಎಲ್ಲಿ ಊಟಕ್ಕೆ ನಿಲ್ಲುತ್ತದೆ ಎಲ್ಲ ನನಗೆ ಬಾಯಿಪಾಠ. ಅದೊಂದು ದೊಡ್ಡ ವಿದ್ಯೆ ಎಂದು ನಾನೂ ಎದೆಯುಬ್ಬಿಸಿಕೊಂಡು ತಿರುಗಿದವನೇ. ಆದರೆ ಅದರ ಗುಟ್ಟು ಇಷ್ಟೇ: ನಾನು ಊರು ನೋಡಿ ದಾರಿ ಗೊತ್ತು ಮಾಡುವುದಿಲ್ಲ, ನೆಂಟರನ್ನು ನೋಡಿ ಮಾಡುತ್ತೇನೆ. ತಾಂಡೂರಿನಲ್ಲಿ ಹೆಂಡತಿಯ ದೊಡ್ಡವ್ವ ಇದ್ದಾಳೆ, ಹೈದರಾಬಾದಿನಲ್ಲಿ ಹೆಂಡತಿಯ ಕಾಕನ ಮಗ ಶಿವರಾಜ ಇದ್ದಾನೆ. ಆದ್ದರಿಂದ ಮೊದಲು ತಾಂಡೂರು, ಅಲ್ಲಿಂದ ಅನಂತಗಿರಿ ಗುಡ್ಡ, ಆಮೇಲೆ ಗೋಲ್ಕೊಂಡ. "ಓರಂಗಲ್ಲಿನಾಗ ಸಾವಿರ ಕಂಬದ ಗುಡಿ ಅದಂತಲ್ಲೋ?" ಎಂದು ಅಕ್ಕ ಕೇಳಿದಾಗ, "ಅಲ್ಲಿ ನಮ್ಮವರು ಯಾರೂ ಇಲ್ಲ" ಎಂದುಬಿಟ್ಟೆ. ಅಲ್ಲಿಗೆ ಆ ಗುಡಿಯ ಮಾತು ಮುಗಿಯಿತು.

ನಗಬೇಡಿ. ನಮ್ಮ ಕಡೆ ನೆಂಟರ ಊರಿಗೆ ಹೋಗಿ ಅವರ ಮನೆಯಲ್ಲಿ ಇಳಿಯದಿದ್ದರೆ ಅದು ಹೊಡೆದಾಟಕ್ಕಿಂತ ದೊಡ್ಡ ತಪ್ಪು. ಹೊಸದಾಗಿ ಅಳಿಯನಾಗಿದ್ದಾಗ ಒಮ್ಮೆ ತಾಂಡೂರಿಗೆ ಹೋಗಿ ಕೆಲಸ ಮುಗಿಸಿ ಹಾಗೇ ಬಂದುಬಿಟ್ಟಿದ್ದೆ. ದೊಡ್ಡವ್ವ ಮುಂದೊಂದು ಮದುವೆಯಲ್ಲಿ ಊಟದ ಪಂಕ್ತಿಯ ನಡುವೆ ನಿಂತು, "ಅಳಿಯಂದ್ರು ನಮ್ಮ ಊರಿಗೆ ಬಂದು ಹೋದ್ರಂತ. ನಮ್ಮ ಮನ್ಯಾಗ ಕುಡಿಯಾಕ ನೀರಿಲ್ಲ ಅಂದಕೊಂಡ್ರೇನ್ರಿ?" ಎಂದಳು. ಎಲೆಯ ಮೇಲಿದ್ದ ಹೋಳಿಗೆ ಬಿಟ್ಟು ಎದ್ದುಬಂದೆ.

ಆ ಪೆಟ್ಟು ತಿಂದ ಮೇಲೆ ನಾನು ಎಲ್ಲರಿಗೂ ಮೊದಲೇ ಫೋನ್ ಮಾಡುವುದನ್ನು ಕಲಿತೆ. ಅಕ್ಕನ ಪ್ರವಾಸಕ್ಕೂ ಮಾಡಿದೆ. ಮಾಡಿದವನು ಹೆಮ್ಮೆಯಿಂದ ಇನ್ನೊಂದು ಮಾತು ಸೇರಿಸಿದೆ. "ಅಕ್ಕನೂ ಬರ್ತಾಳ. ಅಕಿ ಕೈಯಾನ ರೊಟ್ಟಿ ತಿಂದು ನೋಡ್ರಿ, ಆಮ್ಯಾಲ ಹೇಳ್ರಿ!" ಸುಳ್ಳೇನಲ್ಲ. ಅಕ್ಕ ಬಡಿದ ರೊಟ್ಟಿ ಹಾಳೆಯಷ್ಟು ತೆಳ್ಳಗಿದ್ದು ಹಂಚಿನ ಮೇಲೆ ಬುಗ್ಗೆಯಂತೆ ಉಬ್ಬುತ್ತದೆ. ಹೈದರಾಬಾದು ಸೇರಿದ ನಮ್ಮವರಿಗಂತೂ ಕೈಯಲ್ಲಿ ಬಡಿದ ಜೋಳದ ರೊಟ್ಟಿ ಎಂದರೆ ಊರೇ ಎದ್ದು ಬಂದ ಹಾಗೆ.

ತಾಂಡೂರಿನಲ್ಲಿ ದೊಡ್ಡವ್ವ ಅಕ್ಕನ ಕೈಚೀಲ ಇಳಿಸಿಕೊಂಡು ಫರಸಿ ಕಲ್ಲಿನ ಅಂಗಳದಿಂದ ನೇರ ಒಲೆಯ ಮುಂದೆ ಕರೆದೊಯ್ದಳು. ಮರುದಿನ ಅನಂತಗಿರಿಗೆ ಜೀಪು ಬಂತು. ಜಾಗ ಸಾಲದು ಎಂದರು. ಅಕ್ಕನೇ ಹಿಂದೆ ಸರಿದಳು. ಹೈದರಾಬಾದಿನಲ್ಲಿ ಶಿವರಾಜ ಅಕ್ಕಪಕ್ಕದ ನಮ್ಮವರನ್ನೆಲ್ಲ ಊಟಕ್ಕೆ ಕರೆದಿದ್ದ. "ನೀವು ಹೋಗಿ ಬರ್ರಿ, ನಾ ನಾಳಿ ನೋಡ್ತೀನಿ" ಎಂದಳು ಅಕ್ಕ. ಮರುದಿನ ರೊಟ್ಟಿಯ ಸುದ್ದಿ ಕೇಳಿ ಮತ್ತೊಂದಿಷ್ಟು ನೆಂಟರು ಬಂದರು.

ನಾನು ಶಿವರಾಜನ ಜೊತೆ ಗೋಲ್ಕೊಂಡ ಹತ್ತಿ ಬಂದೆ. ಕೋಟೆಯ ಬಾಗಿಲಲ್ಲಿ ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಯಲ್ಲಿ ಕೇಳುತ್ತದಲ್ಲ, ಅದನ್ನು ಬಿಸಿ ರೊಟ್ಟಿ ಮುರಿಯುತ್ತ ಅಕ್ಕನಿಗೆ ವರ್ಣಿಸಿದೆ. ಮೇಲಿನ ಗಾಳಿ ರಾಶಿ ತೂರುವ ಗಾಳಿಯ ಹಾಗಿದೆ ಎಂದೆ. ಅಕ್ಕ ರೊಟ್ಟಿ ಬಡಿಯುತ್ತಲೇ, "ಹೌದೇನೋ? ಅಷ್ಟು ದೂರ ಕೇಳ್ತದ?" ಎಂದಳು. ನಾನೆಂಥ ದಡ್ಡ ನೋಡಿ, ಅಡುಗೆಮನೆಯಲ್ಲೇ ಚಪ್ಪಾಳೆ ತಟ್ಟಿ ತೋರಿಸಿದೆ. ಪ್ರವಾಸ ಚೆನ್ನಾಗಿ ಆಯಿತು ಎಂದುಕೊಂಡು ಊರಿಗೆ ಬಂದೆ. ಹಾಗೇ ವರ್ಷಗಳು ಕಳೆದವು.

ಮೊನ್ನೆ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಮಗಳು ಸುಮ್ಮನೆ, "ಅತ್ತೀ, ನೀವು ಗೋಲ್ಕೊಂಡ ನೋಡೀರಲ್ಲ, ಹ್ಯಾಂಗದ್ರಿ?" ಎಂದು ಕೇಳಿದಳು.

"ಭಾಳ ಚಂದ ಅದವ್ವ" ಎಂದಳು ಅಕ್ಕ. "ಬಾಗಿಲದಾಗ ಚಪ್ಪಾಳಿ ಹೊಡದ್ರ ಮ್ಯಾಲ ಕೇಳ್ತದ. ಮ್ಯಾಲ ಗಾಳಿ ಅಂದ್ರ ಗಾಳಿ, ರಾಶಿ ತೂರೋ ಗಾಳಿ."

"ಅಷ್ಟು ಮೆಟ್ಟಲ ಹತ್ತಿದ್ರ್ಯಾ?"

"ಹತ್ತಿದೆ. ನಿಮ್ಮಪ್ಪ ಕೈ ಹಿಡದಿದ್ದ."

ಅಕ್ಕ ನನ್ನ ಕಡೆ ನೋಡಲಿಲ್ಲ. ಮಗಳ ಮುಂದೆ ನನ್ನ ಮಾನ ಹೋಗಬಾರದೆಂದು ನನ್ನದೇ ಮಾತುಗಳನ್ನು ತನ್ನವು ಮಾಡಿಕೊಂಡಿದ್ದಳು. ನಾನು ಯಾರದೋ ಮೋಟಾರಿನ ನೆಪ ಹೇಳಿ ಎದ್ದು ಹೊರಗೆ ಹೋದೆ. ನಾನು ಉಂಡು ಮಲಗಿದ ಮನೆಗಳಿಗೆಲ್ಲ ಅಕ್ಕನ ಕೈಗಳನ್ನು ಫೋನಿನಲ್ಲಿ ಮೊದಲೇ ಒಪ್ಪಿಸಿಬಿಟ್ಟಿದ್ದೆ ಎಂಬುದು ಆವತ್ತು ಹೊಳೆಯಿತು. ಯಾರೂ ಅವಳನ್ನು ತಡೆದಿರಲಿಲ್ಲ, ನಿಜ. ಯಾರೂ ಕರೆದಿರಲೂ ಇಲ್ಲ, ನಾನೂ. ಈಗ ಅವಳ ಮೊಣಕಾಲುಗಳು ನೋಯತೊಡಗಿವೆ. ಇನ್ನು ತಡಮಾಡಿದರೆ ಅವಳ ಪಾಲಿಗೆ ಈ ನಾಡು ಬಸ್‌ಸ್ಟ್ಯಾಂಡುಗಳಲ್ಲೇ ಉಳಿಯುತ್ತದೆ. ಅಕ್ಕನನ್ನು ಇನ್ನೊಮ್ಮೆ ಹೈದರಾಬಾದಿಗೆ ಕರೆದೊಯ್ಯೋಣ ಎಂದು ಮಗಳಿಗೆ ಹೇಳಿದ್ದು ಅದಕ್ಕೇ.

"ಹಿಡಿಯವ್ವಾ ಲಾಡ್ಜು" ಎಂದೆ ಇವತ್ತು ಮಗಳಿಗೆ. ಬಚ್ಚಿಟ್ಟರೆ ಇನ್ನೂ ಕೆಟ್ಟದೆಂದು ಶಿವರಾಜನಿಗೆ ನಾನೇ ಫೋನ್ ಮಾಡಿ ಹೇಳಿದೆ.

"ಲಾಡ್ಜಾ? ಭಾವಾ, ನಾವಿನ್ನಾ ಬದುಕೀವ್ರಿ!"

"ಈ ಸಲ ಅಕ್ಕ ಊರು ನೋಡಾಕ ಬರ್ತಾಳಪಾ. ರೊಟ್ಟಿ ಬಡಿಯಾಕ ಅಲ್ಲ."

"ಅಂದ್ರ ನಾವು ಅಕಿನ್ನ ದುಡಿಸಿಕೊಂಡೀವಿ ಅಂತೀರೇನು?"

"ನೀ ಅಲ್ಲ. ನಾ ದುಡಿಸೀನಿ."

ಫೋನ್ ಕಟ್ಟಾಯಿತು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದ ಹೆಂಡತಿ, "ಆತಲ್ಲ? ನಾಳಿ ನಮ್ಮ ಮಂದಿಗಿ ನಾ ಹ್ಯಾಂಗ ಮಾರಿ ತೋರಸ್ಲಿ?" ಎಂದಳು. ಅವಳದೂ ಸುಳ್ಳಲ್ಲ. ಮನೆ ಅಳಿಯನಾದವನು ಹೆಂಡತಿಯ ತವರಿಗೆ ಇಂಥ ಮಾತು ಆಡುವುದು ಸಣ್ಣ ಸಂಗತಿಯಲ್ಲ.

ಸುದ್ದಿ ನಾರಾಯಣಖೇಡಕ್ಕೆ ಮುಟ್ಟಲು ತಡವಾಗಲಿಲ್ಲ. ಅಕ್ಕನ ಫೋನು ಬಂತು.

"ಶಿವರಾಜ ಭಾಳ ಸಿಟ್ಟಾಗ್ಯಾನಲ್ಲೋ ತಮ್ಮಾ. ಏನ್ ಮಾಡ್ದಿ ಇದು?"

"ಅಕ್ಕಾ, ಆವತ್ತು ನಿನ್ನ ಬಿಟ್ಟು ನಾ…"

"ಅದಿರಲಿ" ಎಂದಳು. ಆಮೇಲೆ ಕೇಳಿದಳು: "ಲಾಡ್ಜಿನಾಗ ಬಿಸಿನೀರು ಬರ್ತಾವೇನು?"

"ಬರ್ತಾವ."

"ಲಿಂಗಪೂಜಿಗಿ ಕುಂದ್ರಾಕ ಜಾಗ?"

"ಖೋಲಿ ನಿನಗೂ ನನ್ನ ಮಗಳಿಗೂ ಅಷ್ಟೇ. ನಿವಾಂತ ಕುಂದ್ರು."

"ಅಡಗಿಮನಿ?"

"ಇಲ್ಲಕ್ಕಾ. ಲಾಡ್ಜಿನಾಗ ಅಡಗಿಮನಿ ಇರೂದಿಲ್ಲ."

ಬೇಡ ಎಂದುಬಿಡುತ್ತಾಳೆ ಎಂದು ನನಗೆ ಭಯವಾಯಿತು.

"ಹಂಗಾದ್ರ ಎರಡು ದಿನ ಹೆಚ್ಚಿಗಿ ಹಿಡಿ" ಎಂದಳು.