ಅತ್ತೆಯ ಹುಳುಗಳಿಗೆ ನಿಧಾನದ ಗಾಳಿ

ನನ್ನ ಸೋದರಮಾವ ಹಳೆಯ ಕಾರೊಂದನ್ನು ಕೊಂಡು ಶಿಡ್ಲಘಟ್ಟಕ್ಕೆ ತಂದಾಗ ಅದರ ಜೊತೆ ಇನ್ನೆರಡು ಬಂದವು: ಸ್ಟೇರಿಂಗಿನ ಪಕ್ಕ ಕೂರಿಸಿದ್ದ ಪುಟ್ಟ ಫ್ಯಾನು, ಮತ್ತು ಮಾವನ ಗಾಂಭೀರ್ಯ. ಗಾಂಭೀರ್ಯವನ್ನು ನಾನು ಮೂರೇ ದಿನದಲ್ಲಿ ಕಲಿತು ಅಂಗಳದಲ್ಲಿ ಆಡಿ ತೋರಿಸುತ್ತಿದ್ದೆ. ಎದೆ ಮುಂದೆ, ಮೀಸೆಯ ಮೇಲೊಂದು ಕೈ, ಬಾಗಿಲು ಹಾಕಿದ ಮೇಲೆ ಒಂದು ಕೆಮ್ಮು. ಮೀಸೆಯಿಲ್ಲದ ನನಗೆ ನಡುವಿನ ಭಾಗ ಕಷ್ಟವಾಗುತ್ತಿತ್ತು. ಕಾರು ಓಡಿಸುವ ಕೆಲಸ ನನ್ನದು, ಹಿಂದಿನ ಸೀಟಿನಲ್ಲಿ ಕೂರುವ ಕೆಲಸ ಮಾವನದು.

ಫ್ಯಾನಿಗೆ ಎರಡು ವೇಗವಿತ್ತು. ಆ ಬೇಸಿಗೆಯಲ್ಲಿ ನಿಧಾನದ್ದು ಕೆಟ್ಟಿತು. ಗುಂಡಿ ತಿರುಗಿಸಿದರೆ ಒಂದೋ ಸುಮ್ಮನಿರುತ್ತಿತ್ತು, ಇಲ್ಲವೇ ಪೇಪರು, ಟವೆಲು ಎಲ್ಲವನ್ನೂ ಹಾರಿಸುತ್ತಿತ್ತು.

ಅತ್ತೆಯ ರೇಷ್ಮೆ ಹುಳುಗಳು ಎರಡನೇ ಜ್ವರದಿಂದ ಏಳುವವರೆಗೆ ಅದು ಯಾರಿಗೂ ದೊಡ್ಡ ಸಂಗತಿಯಾಗಿರಲಿಲ್ಲ. ಹುಳು ಪೊರೆ ಬಿಡಲು ಮಲಗುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಅತ್ತೆ ಒಬ್ಬರೇ ನಿಂತು ಸಾಕಿದ ಮೊದಲ ಹುಳುಗಳವು. ನಮ್ಮ ತೋಟದ ಹಿಪ್ಪುನೇರಳೆ ಸೊಪ್ಪು ಮುಗಿದಿತ್ತು. ಸಾದಲಿಯ ಅವರ ತವರಿನಲ್ಲಿ ಬೇಕಾದಷ್ಟಿತ್ತು. ದಿನಕ್ಕೆ ಹಲವು ಸಲ ಆಗಷ್ಟೇ ಕಿತ್ತ ಸೊಪ್ಪು ಬೇಕಾದ್ದರಿಂದ ಹುಳುವಿನ ತಟ್ಟೆಗಳನ್ನೇ ಮರುದಿನ ಅಲ್ಲಿಗೆ ಸಾಗಿಸಬೇಕು. ಮುಚ್ಚಿದ ಕಾರಿನ ಸೆಕೆಗೆ ಹುಳು ಬೆಂದುಹೋಗುತ್ತವೆ, ಕಿಟಕಿ ತೆಗೆದರೆ ಧೂಳು, ಫ್ಯಾನು ಜೋರಾದರೆ ಸೊಪ್ಪು ಒಣಗಿ ಉಪವಾಸ.

"ಆ ನಿಧಾನದ ಗಾಳಿ ಒಂದು ಮಾಡಿಸ್ಕೊಡಪ್ಪ," ಅಂದರು ಅತ್ತೆ. "ಇವು ಹೋದ್ರೆ ನಿಮ್ಮಾವ ಇನ್ನೊಂದ್ಸಲ ಹುಳದ ಮೊಟ್ಟೆ ಮನೆಯೊಳಕ್ಕೆ ಬಿಡಲ್ಲ."

ಚಿಂತಾಮಣಿ ರಸ್ತೆಯ ಶೆಡ್ಡಿನಲ್ಲಿ ರಿಪೇರಿ ಮಾಡುವ ಸಾಬರ ಹತ್ತಿರ ಮೂವರೂ ಹೋದೆವು. ಮಾವ ಗುಂಡಿ ತಿರುಚುವ ರೀತಿಯನ್ನು ದಾರಿಯುದ್ದಕ್ಕೂ ಆಡಿ ತೋರಿಸಿ, ಫ್ಯಾನು ಕೆಟ್ಟಿದ್ದು ಇದರಿಂದಲೇ ಎಂದು ಅತ್ತೆಯನ್ನು ನಗಿಸಿದೆ. ಮಾವ ಕಿಟಕಿಯಾಚೆ ನೋಡುತ್ತಿದ್ದರು.

ಸಾಬರು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಒಂದು ತಗಡಿನ ಡಬ್ಬಿ ಬಿಚ್ಚಿ ತೆಗೆದರು. ವೇಗ ತಗ್ಗಿಸುವ ತಂತಿಯ ಸುರುಳಿ ಅದರೊಳಗಿತ್ತು, ಸುಟ್ಟು ತುಂಡಾಗಿ. ಸುತ್ತ ಏನೋ ಕರಕಲು ಅಂಟಿತ್ತು. ಮೂಸಿ ನೋಡಿದರು.

"ಇದು ರೇಷ್ಮೆ. ತಂತಿ ಬಿಸಿ ಆಗ್ತದೆ, ಅದಕ್ಕೆ ಗಾಳಿ ಆಡ್ಬೇಕು ಸ್ವಾಮಿ. ಯಾರು ಇದಕ್ಕೆ ಶಾಲು ಹೊದ್ಸಿದ್ದು?"

ನಾನೇ. ನಮ್ಮೂರಲ್ಲಿ ಗಡಗಡ ಅನ್ನುವುದಕ್ಕೆಲ್ಲ ಒಂದೇ ಮದ್ದು, ನೂಲು ತೆಗೆದು ಉಳಿದ ಸಿಕ್ಕು ರೇಷ್ಮೆ ತುರುಕುವುದು. ಗಡಿಯಾರಕ್ಕೆ, ಮಂಚದ ಕಾಲಿಗೆ, ಗೊರಕೆ ಹೊಡೆಯುವವರ ಪಕ್ಕ ಮಲಗಿದರೆ ಕಿವಿಗೂ. ಡಬ್ಬಿ ಸದ್ದು ಮಾಡುತ್ತಿತ್ತೆಂದು ಅದಕ್ಕೂ ತುರುಕಿದ್ದೆ.

"ಏಮ್ರಾ," ಎಂದು ತೆಲುಗಿನಲ್ಲಿ ಕರೆದರು ಮಾವ, ಬಹಳ ಮೃದುವಾಗಿ. "ಈಗ ನಿನ್ನನ್ನೇ ಒಂದ್ಸಲ ಆಡಿ ತೋರ್ಸು."

ತೋರಿಸಿದೆ. ಕೈಯಲ್ಲಿ ಸಿಕ್ಕು ರೇಷ್ಮೆ, ಮುಖದಲ್ಲಿ ಇಂಜಿನಿಯರನ ಕಳೆ. ಅತ್ತೆ ನಗಲಿಲ್ಲ. ಆಗ ನನಗೂ ನಗು ನಿಂತಿತು.

ಅಂಥ ಸುರುಳಿ ಎಲ್ಲೂ ಸಿಕ್ಕುವುದಿಲ್ಲವೆಂದು ಸಾಬರು ಕರೆಂಟು ಒಲೆಯ ತಂತಿಯನ್ನು ಪಿಂಗಾಣಿ ತುಂಡಿಗೆ ಸುತ್ತಿ ಹೊಸದನ್ನು ಮಾಡಿದರು. ಹಾಕಿದರೆ ಫ್ಯಾನು ತಿರುಗಲೇ ಇಲ್ಲ; ತಂತಿ ಉದ್ದವಾಗಿತ್ತು. ಎಷ್ಟು ಕತ್ತರಿಸುವುದು? ಅತ್ತೆ ಸೆರಗಿನ ತುದಿಯ ಗಂಟು ಬಿಚ್ಚಿ ಒಂದೆಳೆ ಹಸಿ ರೇಷ್ಮೆ ತೆಗೆದು ಫ್ಯಾನಿನ ಮುಂದೆ ಹಿಡಿದರು.

"ಎಳೆ ಅಲ್ಲಾಡ್ಬೇಕು ಸಾಬರೆ, ಹಾರ್ಬಾರ್ದು. ಹುಳಕ್ಕೆ ಅಷ್ಟೇ ಗಾಳಿ."

ಸಾಬರು ಒಂದೊಂದೇ ಸುತ್ತು ಕತ್ತರಿಸಿದರು. ಐದನೇ ಸಲಕ್ಕೆ ಎಳೆ ನಡುಗಿತು. "ಸಾಕು, ನಿಲ್ಸಿ," ಅಂದರು ಅತ್ತೆ.

ಮರುದಿನ ಬೆಳಗ್ಗೆ ಹಿಂದಿನ ಸೀಟು ತಟ್ಟೆಗಳ ಪಾಲಾಯಿತು. ಅತ್ತೆ ಅವುಗಳ ನಡುವೆ ಮುದುಡಿ ಕೂತರು. ಮಾವ ಮುಂದೆ, ತೊಡೆಯ ಮೇಲೊಂದು ತಟ್ಟೆ. ಬಾಗಿಲು ಹಾಕಿಕೊಂಡ ಮೇಲೆ ಕೆಮ್ಮಲಿಲ್ಲ, ದಾರಿಯಲ್ಲಿ ಉಸಿರನ್ನೂ ಲೆಕ್ಕವಿಟ್ಟು ಬಿಟ್ಟಂತೆ ಕಾಣುತ್ತಿತ್ತು. ಫ್ಯಾನು ಹಿಂದಕ್ಕೆ ಮುಖ ಮಾಡಿ ಮೆಲ್ಲಗೆ ತಿರುಗಿತು.

ಸಾದಲಿಯಲ್ಲಿ ತಟ್ಟೆಗಳಿಗೆ ಹೊದಿಸಿದ್ದ ಬಟ್ಟೆ ಸರಿಸಿದಾಗ ಹುಳುಗಳು ಅಲುಗಾಡದೆ ಬಿದ್ದಿದ್ದವು. ಅತ್ತೆ ಎಳೆಸೊಪ್ಪು ಸಣ್ಣಗೆ ಹೆಚ್ಚಿ ಉದುರಿಸಿದರು. ಮೂವರೂ ಬಗ್ಗಿ ನಿಂತೆವು. ಬಹಳ ಹೊತ್ತಾದ ಮೇಲೆ ಒಂದು ತಲೆಯೆತ್ತಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ತಟ್ಟೆಗೆ ತಟ್ಟೆಯೇ.

"ತಿಂತಾವ್ರೆ ಕಣೋ," ಅಂದು ಅತ್ತೆ ಅಲ್ಲೇ ನೆಲದಲ್ಲಿ ಕೂತರು. ಬೆಳಗ್ಗೆಯಿಂದ ಅವರು ಏನೂ ತಿಂದಿರಲಿಲ್ಲ. ತವರಿನವರು ಮುದ್ದೆ, ಸಾರು ತಂದಿಟ್ಟರು.

ಮಾವ ಇನ್ನೂ ತಟ್ಟೆಯ ಮೇಲೇ ಬಗ್ಗಿದ್ದರು. "ಮುಂದಿನ್ಸಲ ಎಷ್ಟು ಮೊಟ್ಟೆ ತರಣ?" ಎಂದು ಕೇಳಿದರು.

ಬಾಯಿ ತುಂಬ ಮುದ್ದೆಯಿದ್ದ ಅತ್ತೆ, ಇದರ ಎರಡರಷ್ಟು ಎಂದು ಬೆರಳಿನಲ್ಲೇ ತೋರಿಸಿದರು.