ಶುಭ ಕೋರುವವರ ಸಾಲಿನಲ್ಲಿ ನಾನು

ಪೋಸ್ಟರಿನ ತುಂಬ ಕೈಮುಗಿದು ನಿಂತ ಹದಿನೇಳು ಮಂದಿಯ ನಡುವೆ ನಾನೂ ನಿಂತಿದ್ದೆ!

ಹಿಂದೆ ಶಾಲಾ ಶಿಕ್ಷಕನಾಗಿದ್ದ ನನ್ನನ್ನು, ವಿದ್ಯಾರ್ಥಿಗಳು ತಯಾರಿಸಿದ ಮ್ಯೂಸಿಕ್ ವಿಡಿಯೊಗಳಿಗೂ ಅವುಗಳ ಪ್ರಚಾರದ ಪೋಸ್ಟರುಗಳಿಗೂ ಅಂಕ ನೀಡಲು ದೇವನಹಳ್ಳಿಯ ಕಾಲೇಜೊಂದಕ್ಕೆ ಕರೆದಿದ್ದರು. ನಂದಿನಿ ಎಂಬ ಹುಡುಗಿಯ ತಂಡದ ವಿಡಿಯೊ ಎಲ್ಲಕ್ಕಿಂತ ಸೊಗಸಾಗಿತ್ತು. ದ್ರಾಕ್ಷಿತೋಟದ ಮೇಲೆ ವಿಮಾನ ಹಾದುಹೋಗುವ ಕ್ಷಣಕ್ಕೆ ಸರಿಯಾಗಿ ತಮಟೆ ನಿಲ್ಲುತ್ತಿತ್ತು. ಪೋಸ್ಟರಿಗೂ ಅಂಕ ಬಿದ್ದರೆ ಮೊದಲ ಬಹುಮಾನ ಅವರದೇ. ಆದರೆ ಆ ಪೋಸ್ಟರು ರಾಜಕಾರಣಿಯ ಹುಟ್ಟುಹಬ್ಬದ ಫ್ಲೆಕ್ಸಿನಂತಿತ್ತು: ಹಾಡಿನ ಹೆಸರು ಅಂಗೈಯಗಲ, ಉಳಿದದ್ದೆಲ್ಲ ‘ಶುಭ ಕೋರುವವರ’ ಮುಖಗಳು.

“ಇವರೆಲ್ಲ ಯಾರಮ್ಮ?”

“ಇವ್ರು ಟ್ರ್ಯಾಕ್ಟರ್ ಕೊಟ್ಟೋರು ಸಾರ್, ಇವ್ರು ತೋಟ ಬಿಟ್ಕೊಟ್ಟೋರು. ಒಬ್ರನ್ನ ಬಿಟ್ರೂ ನಾವು ಊರಲ್ಲಿ ಓಡಾಡಂಗಿಲ್ಲ.”

“ನಾನೇನು ಕೊಟ್ಟೆ?”

“ಈಗ ಕೊಡ್ತೀರಲ್ಲ ಸಾರ್, ಮಾರ್ಕ್ಸು!”

ತನ್ನದೇ ಮುಖವಿರುವ ಪೋಸ್ಟರಿಗೆ ತಾನೇ ಅಂಕ ನೀಡುವುದು ನ್ಯಾಯವಲ್ಲವೆಂದು ಪಕ್ಕದಲ್ಲಿದ್ದ ಪ್ರಾಂಶುಪಾಲರಿಗೆ ಅಂಕಪಟ್ಟಿಯನ್ನು ದಾಟಿಸಿದೆ. ಅವರು ಕನ್ನಡಕ ಏರಿಸಿ, ಪೋಸ್ಟರನ್ನು ದಿಟ್ಟಿಸಿ, ಪಟ್ಟಿಯನ್ನು ಮೆಲ್ಲನೆ ನನ್ನ ಮುಂದಕ್ಕೇ ತಳ್ಳಿದರು.

“ಎರಡನೇ ಸಾಲಲ್ಲಿ ನಾನೂ ಇದೀನಲ್ಲ ಸಾರ್!”

ಕೊನೆಗೆ, ವಿನ್ಯಾಸಕ್ಕೆ ಸಲ್ಲಬೇಕಾದಷ್ಟೇ ಎಂದು ಹತ್ತಕ್ಕೆ ನಾಲ್ಕು ಕೊಟ್ಟೆ. ಮೊದಲ ಬಹುಮಾನ ಬೇರೆ ತಂಡದ ಪಾಲಾಯಿತು.

ಆ ಪೋಸ್ಟರನ್ನೇ ದೊಡ್ಡದು ಮಾಡಿಸಿ ನಂದಿನಿಯ ಊರಿನವರು ತಮ್ಮ ಬಸ್ ನಿಲ್ದಾಣದಲ್ಲಿ ಕಟ್ಟಿದ್ದಾರೆ. ಅವರ ಬಹುಮಾನ ತಪ್ಪಿಸಿದ ನಾನು ಅದರಲ್ಲಿ ಇಂದಿಗೂ ನಗುನಗುತ್ತಾ ಶುಭ ಕೋರುತ್ತಿದ್ದೇನೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನಾನು ಬಸ್ಸಿನ ಇನ್ನೊಂದು ಬದಿಯಲ್ಲಿ ಕೂರುತ್ತೇನೆ.