ಕಾಕು, ಯಾವ ಹೆಸರು ಐತಿ?

ಅಗ್ಗಕ್ಕೆ ಸಿಕ್ಕಿತೆಂದರೆ ನನಗೆ ಹಬ್ಬ. ಇಚಲಕರಂಜಿಯ ಈ ನೂಲಿನ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷವಾಯಿತು. ಅಂಗಡಿಯವನು ಹೇಳಿದ ಮೊದಲ ರೇಟಿಗೆ ಏನನ್ನಾದರೂ ಕೊಂಡದ್ದು ನೆನಪಿಲ್ಲ. ಕೊತ್ತಂಬರಿ ಸಿವುಡಿರಲಿ, ಫ್ರಿಜ್ಜಿರಲಿ, ಒಂದು ಸಣ್ಣ ಜಗಳವಾಗದೆ ನನ್ನ ಪರ್ಸಿನ ಬಾಯಿ ಬಿಚ್ಚುವುದಿಲ್ಲ. ಅದಕ್ಕೇ ಅತ್ತೆ ಹಡಗಿನ ಮಾತು ತೆಗೆದ ದಿನ ನಮ್ಮವರು ತಾಯಿಯ ಮುಖ ಬಿಟ್ಟು ನನ್ನ ಮುಖ ನೋಡಿದರು.

ಅತ್ತೆಗೆ ಎಪ್ಪತ್ತು. ಗಡಹಿಂಗ್ಲಜದ ಕಡೆಯ ಜೈನ ರೈತರ ಮಗಳು. ಸಮುದ್ರವನ್ನು ಒಮ್ಮೆ ರತ್ನಾಗಿರಿಯಲ್ಲಿ ನೋಡಿದ್ದರಂತೆ. "ದಂಡಿಮ್ಯಾಲ ನಿಂತು ಒಂದ ಬದಿ ನೋಡೇನಿ. ನಾಕೂ ಕಡೆ ನೀರ ಇದ್ದಲ್ಲೆ ಒಮ್ಮೆ ನಿಂದರಬೇಕು," ಅಂದರು. ಇಷ್ಟು ಹೇಳಿ ಸುಮ್ಮನಾಗಿದ್ದರೆ ಮುಂದಿನ ವರ್ಷ ನೋಡೋಣ ಎಂದು ತಳ್ಳಿಬಿಡಬಹುದಿತ್ತು. ಆದರೆ ಅದರ ಹಿಂದೆಯೇ ಇನ್ನೊಂದು ಮಾತು ಬಂತು. "ಈ ಚಾತುರ್ಮಾಸಕ್ಕ ಮುನಿ ಮಹಾರಾಜರು ಬಂದ್ರ ದಿಗ್ವ್ರತ ತಗೋತೇನಿ."

ದಿಗ್ವ್ರತವೆಂದರೆ ಹತ್ತು ದಿಕ್ಕಿಗೂ ಗಡಿ ಹಾಕಿಕೊಳ್ಳುವುದು. ಉತ್ತರಕ್ಕೆ ಇಲ್ಲಿಯವರೆಗೆ, ದಕ್ಷಿಣಕ್ಕೆ ಅಲ್ಲಿಯವರೆಗೆ, ಆಚೆ ಕಾಲಿಡುವುದಿಲ್ಲ ಎಂದು ಮುನಿಗಳ ಎದುರು ನೇಮ ಹಿಡಿದರೆ ಅದು ಸಾಯುವತನಕ. ಸೂರ್ಯ ಮುಳುಗಿದ ಮೇಲೆ ಊಟ ಬಿಟ್ಟು ನಲವತ್ತು ವರ್ಷವಾಗಿದೆ ನಮ್ಮ ಅತ್ತೆಗೆ; ಒಂದು ಮದುವೆಮನೆಯಲ್ಲಿ ಕೂಡ ಮುರಿದವರಲ್ಲ. ವ್ರತದ ಗಡಿ ಶಿಖರಜಿ, ಗಿರನಾರ, ಶ್ರವಣಬೆಳಗೊಳದ ಒಳಗೆ ಎಂದು ಆಗಲೇ ಲೆಕ್ಕ ಹಾಕಿಕೊಂಡಿದ್ದರು. ಹಡಗು ಆಷಾಢದ ಒಳಗೆ ಆಗಬೇಕು, ಇಲ್ಲದಿದ್ದರೆ ಇಲ್ಲವೇ ಇಲ್ಲ.

ಅವರನ್ನು ಕರೆದುಕೊಂಡು ಕೊಲ್ಲಾಪುರಕ್ಕೆ ಹೋದೆ. ಅಲ್ಲಿ ನಮ್ಮವರ ಪರಿಚಯದ ಒಬ್ಬ ಟ್ರಾವೆಲ್ ಏಜೆಂಟರಿದ್ದಾರೆ. ಯಾತ್ರೆಯ ಬಸ್ಸಿನಿಂದ ವಿದೇಶದ ಟೂರಿನವರೆಗೆ ಎಲ್ಲ ಮಾಡುವವರು. ಮಾತು ಭಾಳ. ರೇಟು ಹೇಳುವ ಮೊದಲೇ ಅತ್ತೆಯ ಕಡೆ ತಿರುಗಿ, "ಕಾಕು, ಪಾಸ್‌ಪೋರ್ಟಿನಾಗ ಯಾವ ಹೆಸರು ಐತಿ? ಮಾಹೇರಚ ಕೀ ಸಾಸರಚ?" ಎಂದು ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಕೇಳಿದರು. ಕಾಕು ಅಂದರೆ ಚಿಕ್ಕಮ್ಮ; ಕೇಳಿದ್ದು ತವರಿನದೋ, ಗಂಡನ ಮನೆಯದೋ ಅಂತ. ಅತ್ತೆ ಏನೋ ತೆಗೆದು ತೋರಿಸಲು ಕೈಚೀಲದ ಜಿಪ್ಪಿಗೆ ಕೈ ಹಾಕಿದರು. ನನಗೆ ತಡೆಯಲಾಗಲಿಲ್ಲ.

"ಅದೆಲ್ಲಾ ಆಮ್ಯಾಲ್ರಿ. ಮದಲ ರೇಟ್ ಹೇಳ್ರಿ," ಅಂದೆ.

ಹೇಳಿದರು. ಸಿಂಗಾಪುರದಿಂದ ನಾಲ್ಕು ರಾತ್ರಿಯ ಹಡಗು, ಮೂರು ಜನ, ಬಾಲ್ಕನಿ ಇರುವ ಕೋಣೆ. ಕೇಳಿ ಚಹಾದ ಲೋಟ ಕೆಳಗಿಟ್ಟೆ. ವಿಚಾರ ಮಾಡಿ ಹೇಳುತ್ತೇನೆಂದು ಎದ್ದು ಬಂದೆ.

ಆಮೇಲೆ ಎರಡು ವಾರ ಫೋನು ಹಿಡಿದು ಕೂತೆ. ಒಂದೇ ಹಡಗು, ಒಂದೇ ದಿನ, ಒಂದೇ ನಮೂನೆಯ ಕೋಣೆ. ದೇಶ ಬದಲಾದರೆ ರೇಟೇ ಬೇರೆ ಎಂಬುದು ಆಗ ಗೊತ್ತಾಯಿತು. ಆಸ್ಟ್ರೇಲಿಯಾದ ಪರ್ತ್‌ನ ಒಬ್ಬ ಏಜೆಂಟರು ಕೋಣೆಗಳನ್ನು ಮೊದಲೇ ಸಗಟಾಗಿ ಹಿಡಿದಿಟ್ಟಿದ್ದರು. ನಮ್ಮಲ್ಲಿ ಹಂಗಾಮಿಗೆ ಮೊದಲೇ ನೂಲು ಹಿಡಿದಿಡುವುದಿಲ್ಲವೇ, ಹಾಗೆ. ಅವರ ರೇಟಿಗೂ ಕೊಲ್ಲಾಪುರದ ರೇಟಿಗೂ ನಡುವೆ ಒಂದು ಸ್ಕೂಟರು ಬರುವಷ್ಟು ಅಂತರ. ನಾನೇನು ಕಣ್ಣು ಮುಚ್ಚಿ ಹಾರಲಿಲ್ಲ. ಭಾರತದವರು ಬುಕ್ ಮಾಡಬಹುದೋ? ಗೆಡ್ಡೆಗೆಣಸು, ಉಳ್ಳಾಗಡ್ಡಿ ಇಲ್ಲದ ಊಟ ಸಿಗುತ್ತದೋ? ಸೂರ್ಯ ಮುಳುಗುವ ಮೊದಲೇ ಬಡಿಸುತ್ತಾರೋ? ಹನ್ನೊಂದು ಪ್ರಶ್ನೆ ಬರೆದು ಕಳಿಸಿದೆ, ಹನ್ನೊಂದಕ್ಕೂ ಉತ್ತರ ಬಂತು. ಫೋನಿನಲ್ಲಿದ್ದ ಆಧಾರ್ ಕಾರ್ಡುಗಳ ಫೋಟೋ ನೋಡಿ ಮೂವರ ಹೆಸರು ತುಂಬಿ, ರೊಕ್ಕ ಕಟ್ಟಿಬಿಟ್ಟೆ. ಆ ದಿನ ಮನೆಯಲ್ಲಿ ನನ್ನ ನಡಿಗೆಯೇ ಬೇರೆ ಇತ್ತು.

ವಿಮಾನ ಮತ್ತು ವೀಸಾ ಮಾತ್ರ ಕೊಲ್ಲಾಪುರದವರಿಗೇ ಕೊಟ್ಟೆವು, ಅವರ ಮನಸ್ಸು ಮುರಿಯಬಾರದೆಂದು. ಪಾಸ್‌ಪೋರ್ಟುಗಳನ್ನು ನಮ್ಮವರೇ ಕಪಾಟಿನಿಂದ ತೆಗೆದು ಒಯ್ದು ಕೊಟ್ಟರು, ಏಜೆಂಟರು ಅವುಗಳನ್ನು ನೋಡಿಯೇ ಟಿಕೆಟ್ಟು ತೆಗೆದರು. ಅವು ತಿರುಗಿ ನಮ್ಮ ಕೈಗೆ ಬಂದದ್ದು ಗುರುವಾರ. ಭಾನುವಾರ ಮುಂಬಯಿಯಿಂದ ವಿಮಾನ, ಸೋಮವಾರ ಹಡಗು.

ಗುರುವಾರ ಸಂಜೆ ಹಡಗಿನ ಕಂಪನಿಯ ಆ್ಯಪ್ ತೆರೆದು ಒಂದೊಂದೇ ಪಾಸ್‌ಪೋರ್ಟಿನ ಫೋಟೋ ಹಾಕತೊಡಗಿದೆ. ನಮ್ಮವರದು ಆಯಿತು. ನನ್ನದು ಆಯಿತು. ಅತ್ತೆಯದು ಹಾಕಿದೆ. ಪರದೆಯ ಮೇಲೆ ಕೆಂಪು ಅಕ್ಷರ: ಹೆಸರು ಹೊಂದುತ್ತಿಲ್ಲ. ಬೆಳಕು ಸಾಲದೇನೋ ಎಂದು ಟ್ಯೂಬಿನ ಕೆಳಗೆ ಹಿಡಿದು ಮತ್ತೆ ತೆಗೆದೆ. ಮತ್ತೆ ಕೆಂಪು. ಆಗ ಪಾಸ್‌ಪೋರ್ಟಿನ ಮೇಲಿನ ಹೆಸರನ್ನು ಮೊದಲ ಸಲ ಓದಿದೆ. ಅದು ನನಗೆ ಗೊತ್ತಿಲ್ಲದ ಒಬ್ಬ ಹೆಂಗಸಿನ ಹೆಸರು. ಫೋಟೋ ಮಾತ್ರ ಅತ್ತೆಯದು.

ನಮ್ಮಲ್ಲಿ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ಬಂಗಾರದ ಉಂಗುರದಿಂದ ಮದುಮಗಳ ಹೊಸ ಹೆಸರು ಬರೆಸುತ್ತಾರೆ. ಅಲ್ಲಿಂದ ಹಳೆಯ ಹೆಸರು ತವರಿನಲ್ಲಿ ಉಳಿಯಿತು. ನನ್ನ ಹೆಸರನ್ನೂ ಹೀಗೇ ಬರೆದರು; ನಾನು ಕಾಗದಪತ್ರಗಳನ್ನೆಲ್ಲ ಒಂದೇ ಏಟಿಗೆ ಬದಲಿಸಿಕೊಂಡೆ. ಅತ್ತೆಯ ಕಾಲದಲ್ಲಿ ಅದನ್ನು ಯಾರು ಮಾಡಬೇಕು? ಏಳೆಂಟು ವರ್ಷದ ಹಿಂದೆ ಮಾವನವರು ಯಾವುದೋ ಯಾತ್ರೆಗೆಂದು ಪಾಸ್‌ಪೋರ್ಟ್ ಮಾಡಿಸುವಾಗ, ಹುಟ್ಟಿದ ತಾರೀಖಿಗೆ ಇದ್ದ ದಾಖಲೆ ಶಾಲೆಯ ನಾಲ್ಕನೇ ಇಯತ್ತೆಯದು ಒಂದೇ. ಅದರಲ್ಲಿದ್ದ ಹೆಸರೇ ಪಾಸ್‌ಪೋರ್ಟಿಗೆ ಬಂದಿತ್ತು. ಆ ಯಾತ್ರೆ ಆಗಲಿಲ್ಲ, ಮಾವನವರು ತೀರಿಹೋದರು, ಪಾಸ್‌ಪೋರ್ಟು ಕಪಾಟು ಸೇರಿತು.

ಹೆಸರು, ತಂದೆ ಅಥವಾ ಗಂಡನ ಹೆಸರು, ಅಡ್ಡಹೆಸರು: ಮೂರರಲ್ಲಿ ಒಂದೂ ನಾನು ಆಧಾರ್ ನೋಡಿ ತುಂಬಿದ್ದಕ್ಕೆ ಹೊಂದುತ್ತಿರಲಿಲ್ಲ. ಆ ಅಗ್ಗದ ರೇಟಿನ ನಿಯಮ ಓದಿದೆ. ಪ್ರಯಾಣಿಕರನ್ನು ಬದಲಿಸುವಂತಿಲ್ಲ. ರದ್ದು ಮಾಡಿ ಹೊಸದಾಗಿ ಬುಕ್ ಮಾಡೋಣವೆಂದರೆ ಹಡಗು ತುಂಬಿತ್ತು. ಅತ್ತೆ ಅಡುಗೆಮನೆಯಲ್ಲಿ ಹಡಗಿಗೆಂದು ಒಣರೊಟ್ಟಿ ಖಾಖ್ರಾ ಕಟ್ಟುತ್ತಿದ್ದರು. ಅವರಿಗೆ ಏನೂ ಹೇಳಲಿಲ್ಲ, ಹೇಳುವ ಧೈರ್ಯ ನನಗಿರಲಿಲ್ಲ.

ಪರ್ತ್‌ನವರ ಆಫೀಸು ತೆರೆಯುವುದು ನಮ್ಮ ಬೆಳಗಿನ ಆರೂವರೆಗೆ, ಮುಚ್ಚುವುದು ಮಧ್ಯಾಹ್ನ ಎರಡೂವರೆಗೆ. ಆಮೇಲೆ ಶನಿವಾರ, ಭಾನುವಾರ ರಜೆ. ಶುಕ್ರವಾರ ಆರೂವರೆಗೆ ಸರಿಯಾಗಿ ಫೋನು ಹಚ್ಚಿದೆ. ಅಲ್ಲಿಯ ಹೆಣ್ಣುಮಗಳು ನಯವಾಗಿಯೇ ಮಾತಾಡಿದಳು. ಅಕ್ಷರ ತಪ್ಪಿದ್ದರೆ ತಿದ್ದಬಹುದಿತ್ತು, ಇದು ಬೇರೆಯದೇ ಮನುಷ್ಯಳಲ್ಲವೇ ಅಂದಳು. ಅಲ್ಲ, ಒಬ್ಬಳೇ, ಮದುವೆಯಾದ ಮೇಲೆ ಹೆಸರು ಬದಲಾಯಿತು ಅಂದೆ. ಅಡ್ಡಹೆಸರು ಬದಲಾಗುವುದು ಗೊತ್ತು, ಸ್ವಂತ ಹೆಸರು ಯಾಕೆ ಬದಲಾಯಿತು ಎಂದು ಕೇಳಿದಳು. ಅಕ್ಕಿಯ ತಾಟನ್ನು ಇಂಗ್ಲಿಷಿನಲ್ಲಿ ಹೇಗೆ ವಿವರಿಸುವುದು? ಕೊನೆಗೆ ಅವಳು, ಎರಡೂ ಹೆಸರು ಒಟ್ಟಿಗೆ ಇರುವ ಸರಕಾರಿ ಕಾಗದ ಒಂದನ್ನು ತಮ್ಮ ಆಫೀಸು ಮುಚ್ಚುವುದರೊಳಗೆ ಕಳಿಸಿದರೆ ಹಡಗಿನವರನ್ನು ಕೇಳಿ ನೋಡುತ್ತೇನೆ ಅಂದಳು. ಮದುವೆಯ ನೋಂದಣಿ ಪತ್ರ ಕಳಿಸಿ ಸಾಕು, ಅಂದಳು. ಐವತ್ತು ವರ್ಷದ ಹಿಂದಿನ ಮದುವೆಗೆ ನೋಂದಣಿ!

ಇನ್ನು ಮಾನ ಹಿಡಿದು ಕೂತರೆ ಆಗುವುದಿಲ್ಲವೆಂದು ಕೊಲ್ಲಾಪುರದ ಏಜೆಂಟರಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡರು.

"ನಾ ಅವತ್ತ ಕೇಳಿದ್ನೆಲ್ರಿ, ವೈನಿ. ಎಲ್ಲಾರ್ನೂ ಮದಲ ಇದನ್ನ ಕೇಳತೇನಿ. ನಮ್ಮ ಕಡಿ ಹೆಣಮಕ್ಕಳದ್ದು ಇದ ಗೋಳು."

"ತಪ್ಪಾಗೇತ್ರಿ. ಈಗೇನ ಮಾಡೂದು ಹೇಳ್ರಿ."

"ನೋಟರಿ ಕಡೆಯಿಂದ ಅಫಿಡವಿಟ್ ಮಾಡಸೂಣು. ಬರಿಯೂ ಮಜಕೂರ ನನ್ನ ಕಡೆ ತಯಾರ ಐತಿ. ಆದ್ರ ಅದೊಂದಕ್ಕ ಅವರು ಒಪ್ಪಂಗಿಲ್ಲ. ಕಾಕುಗ ಕೇಳ್ರಿ, ತವರಮನಿ ಹೊಲದ ಹಕ್ಕಸೋಡ ಮಾಡ್ಯಾರೇನ?"

ಹಕ್ಕಸೋಡವೆಂದರೆ ತವರಿನ ಆಸ್ತಿಯಲ್ಲಿ ನನಗೆ ಪಾಲು ಬೇಡವೆಂದು ಹೆಣ್ಣುಮಕ್ಕಳು ಅಣ್ಣತಮ್ಮಂದಿರಿಗೆ ಬರೆದುಕೊಡುವ ಪತ್ರ. ಈಗ ಅತ್ತೆಗೆ ಹೇಳದೆ ದಾರಿಯಿರಲಿಲ್ಲ. ಹೇಳಿದೆ. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ಖಾಖ್ರಾದ ಡಬ್ಬಿಯ ಮುಚ್ಚಳ ಹಾಕುತ್ತ, "ಮಾಡೇನಲ್ಲ. ನಮ್ಮಣ್ಣನ ಟ್ರಂಕಿನಾಗ ಐತಿ," ಅಂದರು.

ನಾವು ಮೂವರೂ ಕಾರು ಹತ್ತಿ ಕೊಲ್ಲಾಪುರದ ದಾರಿ ಹಿಡಿದೆವು. ದಾರಿಯಲ್ಲೇ ಗಡಹಿಂಗ್ಲಜಕ್ಕೆ ಫೋನು. ಅತ್ತೆಯ ಅಣ್ಣನವರಿಗೆ ಕಿವಿ ಮಂದ. ಅವರು ಹಕ್ಕಸೋಡ ಎಂಬ ಶಬ್ದ ಕೇಳಿದ್ದೇ ತಡ, ತಂಗಿ ಈಗ ಪಾಲು ಕೇಳಲು ಬಂದಳೆಂದು ತಿಳಿದು ಫೋನು ಇಟ್ಟುಬಿಟ್ಟರು. ಮತ್ತೆ ಹಚ್ಚಿದರೆ ಎತ್ತಲೊಲ್ಲರು. ಹತ್ತೂವರೆ ಆಯಿತು, ಹನ್ನೊಂದೂವರೆ ಆಯಿತು. ನೋಟರಿಯ ಎದುರು ಅತ್ತೆ ಎರಡು ಸಹಿ ಮಾಡುವಾಗಲೂ ನಾನು ಹೊರಗೆ ನಿಂತು ಫೋನು ಒತ್ತುತ್ತಲೇ ಇದ್ದೆ. ಕೊನೆಗೆ ಅತ್ತೆ ನನ್ನ ಕೈಯಿಂದ ಫೋನು ಕಸಿದುಕೊಂಡು ಅಣ್ಣನ ಹೆಂಡತಿಗೆ ಹಚ್ಚಿದರು.

"ವೈನಿ, ನನಗ ಹೊಲ ಬ್ಯಾಡ, ಮನಿ ಬ್ಯಾಡ. ಆ ಕಾಗದದಾಗ ನನ್ನ ಹೆಸರ ಐತಿ, ಅದರದೊಂದ ಫೋಟೋ ಬೇಕು. ಅಣ್ಣಗ ಹೇಳ, ಹಡಗ ಹತ್ತಾಕ ಬೇಕಾಗೇತಿ ಅಂತ."

ಒಂದೂ ಇಪ್ಪತ್ತಕ್ಕೆ ಮೊದಲ ಫೋಟೋ ಬಂತು. ಅದರಲ್ಲಿ ಕಾಗದಕ್ಕಿಂತ ತೆಗೆದವರ ಹೆಬ್ಬೆರಳೇ ದೊಡ್ಡದಾಗಿ ಕಾಣುತ್ತಿತ್ತು. ಎರಡನೆಯದು ಮಂಜು. ಮೂರನೆಯದು ಬರುವಾಗ ಎರಡಕ್ಕೆ ಹತ್ತು ನಿಮಿಷವಿತ್ತು. ಸರಕಾರಿ ಮುದ್ರೆಯ ಕೆಳಗೆ, ಮರಾಠಿಯಲ್ಲಿ, ಅತ್ತೆಯ ತವರಿನ ಪೂರ್ತಿ ಹೆಸರು, ಮುಂದೆ ಉರ್ಫ್ ಎಂದು ಬರೆದು ಗಂಡನ ಮನೆಯ ಪೂರ್ತಿ ಹೆಸರು. ಅವತ್ತಿನ ಅಫಿಡವಿಟ್ಟು ಬಿಟ್ಟರೆ, ಅವರ ಎರಡೂ ಹೆಸರು ಜೊತೆಗೆ ಕೂತದ್ದು ಪ್ರಪಂಚದಲ್ಲಿ ಆ ಒಂದು ಕಾಗದದಲ್ಲಿ ಮಾತ್ರ. ಏಜೆಂಟರು ಪಟಪಟನೆ ಇಂಗ್ಲಿಷಿಗೆ ಇಳಿಸಿ, ಅಫಿಡವಿಟ್ಟು ಸೇರಿಸಿ ಕಳಿಸಿದರು. "ಕೊಂಕಣ ಸುತ್ತಿ ಮೈಲಾರಕ್ಕ ಬಂದಂಗಾತ್ರಿ, ವೈನಿ," ಎಂದು ನಕ್ಕರು. ಅವರು ಇದಕ್ಕೆಲ್ಲ ಒಂದು ಪೈಸೆ ಮುಟ್ಟಲಿಲ್ಲ. ನನಗೆ ನಗು ಬರಲಿಲ್ಲ, ನಾಚಿಕೆ ಬಂತು.

ಎರಡೂ ಹತ್ತಕ್ಕೆ ಪರ್ತ್‌ನಿಂದ ಫೋನು. ಪ್ರಯಾಣಿಕರೇ ಪಾಸ್‌ಪೋರ್ಟಿನಲ್ಲಿದ್ದಂತೆ ಪೂರ್ತಿ ಹೆಸರು ಹೇಳಬೇಕಂತೆ. ಅತ್ತೆ ಜನ್ಮದಲ್ಲಿ ಗಂಡನ ಹೆಸರು ಬಾಯಿಂದ ತೆಗೆದವರಲ್ಲ. ಬ್ಯಾಂಕಿನಲ್ಲೂ ನಾವೇ ಹೇಳಬೇಕು. ಈ ಪಾಸ್‌ಪೋರ್ಟಿನಲ್ಲಿ ಇರುವುದು ತಂದೆಯ ಹೆಸರು ಎಂಬುದು ನೆನಪಾಗಲು ನನಗೆ ಒಂದು ಗಳಿಗೆ ಹಿಡಿಯಿತು. ಅತ್ತೆ ಮಾತ್ರ ಕುರ್ಚಿಯಿಂದ ಎದ್ದು ನಿಂತರು. ಶಾಲೆಯಲ್ಲಿ ಹಾಜರಿ ಹೇಳುವ ಹುಡುಗಿಯ ಹಾಗೆ, ತಮ್ಮ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಒಂದೊಂದನ್ನೂ ಬಿಡಿಸಿ ಹೇಳಿದರು. ಪರ್ತ್‌ನವಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದರು, ಈ ಸಲ ಜೋರಾಗಿ. ಹಡಗಿನವರಿಗೆ ಬರೆಯುತ್ತೇನೆ, ಸೋಮವಾರದೊಳಗೆ ಬದಲಾಗುತ್ತದೆಂದು ಖಾತ್ರಿ ಕೊಡಲಾರೆ ಎಂದು ಹೇಳಿ ಅವಳು ಫೋನಿಟ್ಟಳು.

ಶನಿವಾರ ಉತ್ತರವಿಲ್ಲ. ಭಾನುವಾರ ಇಲ್ಲ. ಮುಂಬಯಿಯಲ್ಲಿ ವಿಮಾನ ಹತ್ತುವಾಗ ನಮ್ಮವರು ಮೆಲ್ಲಗೆ, "ಅವ್ವನ್ನ ಬಿಡಲಿಲ್ಲ ಅಂದ್ರ ನಾ ಆಕೀ ಕೂಡ ಸಿಂಗಾಪುರದಾಗ ಉಳೀತೇನಿ. ನೀ ಹೋಗಿ ಬಾ," ಅಂದರು. ಸಿಟ್ಟು ನೆತ್ತಿಗೇರಿತು. ನೀರು ನೋಡಬೇಕಾದವರನ್ನು ದಂಡೆಯಲ್ಲಿ ಬಿಟ್ಟು ನಾನು ಹಡಗಿನಲ್ಲಿ ಏನು ಮಾಡಲಿ? ಆದರೆ ಆ ಸಿಟ್ಟನ್ನು ಯಾರ ಮೇಲೆ ಹಾಕುವುದು?

ಸೋಮವಾರ ಮಧ್ಯಾಹ್ನ ಸಿಂಗಾಪುರದ ಬಂದರು. ಉದ್ದನೆಯ ಸಾಲು. ದೊಡ್ಡ ಗಾಜಿನ ಆಚೆ ಹಡಗು ನಿಂತಿತ್ತು, ಅತ್ತೆ ಅದನ್ನು ಬಿಟ್ಟು ಬೇರೆ ಏನನ್ನೂ ನೋಡುತ್ತಿರಲಿಲ್ಲ. ನಾನು ಅಫಿಡವಿಟ್ಟಿನ ಮೂರು ಪ್ರತಿ ಕೈಯಲ್ಲಿ ಹಿಡಿದು, ಹೇಳಬೇಕಾದ ಇಂಗ್ಲಿಷ್ ವಾಕ್ಯಗಳನ್ನು ಬಾಯಲ್ಲೇ ಹೊರಳಿಸುತ್ತಿದ್ದೆ. ಕೌಂಟರಿನ ಹುಡುಗಿ ನಮ್ಮಿಬ್ಬರಿಗೆ ಕಾರ್ಡು ಕೊಟ್ಟಳು. ಅತ್ತೆಯ ಪಾಸ್‌ಪೋರ್ಟು ತೆಗೆದು ನೋಡಿದಳು. ಕಂಪ್ಯೂಟರು ನೋಡಿದಳು. ಮತ್ತೆ ಪಾಸ್‌ಪೋರ್ಟು. ಏನೋ ಒತ್ತಿ, ಪರದೆಯ ಮೇಲೆ ಬಂದ ಹೆಸರನ್ನು ತುಂಡುತುಂಡು ಮಾಡಿ ಓದಿ, ಇದು ನೀವೇನಾ ಎಂದು ಅತ್ತೆಯನ್ನು ಕೇಳಿದಳು. ಓದಿದ್ದು ತವರಿನ ಹೆಸರು.

ನನ್ನ ಬಾಯಿ ತೆರೆದೇ ಇತ್ತು, ಮೊದಲ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕೈಚೀಲದ ಜಿಪ್ಪಿನ ಮೇಲಿದ್ದ ಅತ್ತೆಯ ಕೈ ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿಕೊಂಡೆ. ಹಿಂದೆ ಸಾಲು ಕಾಯುತ್ತಿತ್ತು.

"ಹೌದ್ರಿ," ಅಂದರು ಅತ್ತೆ. "ನಾನ."

ಆ ಹುಡುಗಿಗೆ ಕನ್ನಡ ಎಲ್ಲಿ ಬರಬೇಕು. ತಲೆಯಾಡಿಸಿ ಕಾರ್ಡು ಕೊಟ್ಟಳು. ಅತ್ತೆ ಅದನ್ನು ಕಣ್ಣ ಹತ್ತಿರ ಹಿಡಿದು, ಇಂಗ್ಲಿಷ್ ಬಾರದಿದ್ದರೂ, ಹೆಸರಿದ್ದ ಸಾಲಿನ ಮೇಲೆ ಬೆರಳಾಡಿಸಿದರು. ಹಡಗಿನ ಕಡೆಗೆ ನಾಲ್ಕು ಹೆಜ್ಜೆ ನಡೆದ ಮೇಲೆ, ನನ್ನ ಮುಖ ನೋಡದೆ ಅಂದರು:

"ಕೊಲ್ಲಾಪುರದಾಗ ಅವತ್ತ ಇದನ್ನ ಹೇಳಾಕಿ ಇದ್ದೆ. ನೀ ಬಿಡಲಿಲ್ಲ."